ಅರ್ಥವಾಗದ ದೇವರನ್ನು ನಂಬುವುದು

ಸಾವಾದ ಮನೆಗೆ ಹೋಗಿ ಕುಳಿತವರ ಕಷ್ಟ ಎಲ್ಲರೂ ಬಲ್ಲದ್ದೇ. ಏನಾದರೂ ಆಡಬೇಕು, ಆಡಲು ಮಾತು ಸಿಕ್ಕುವುದಿಲ್ಲ. ಸುಮ್ಮನಿದ್ದರೆ ಕಲ್ಲೆದೆಯವನೆಂದು ತಿಳಿದಾರು ಎಂಬ ಸಂಕೋಚ ಬೇರೆ. ಆಗ ನಾಲಗೆಯ ತುದಿಗೆ ತಾವಾಗಿ ಬಂದು ನಿಲ್ಲುವ ಮಾತುಗಳು ನಮ್ಮಲ್ಲಿ ನಾಲ್ಕೋ ಐದೋ ಇವೆ. ‘ದೇವರ ಇಚ್ಛೆ.’ ‘ಋಣ ಇದ್ದದ್ದೇ ಅಷ್ಟು.’ ‘ಒಳ್ಳೆಯವರನ್ನು ಅವನು ಬೇಗ ಕರೆಸಿಕೊಳ್ಳುತ್ತಾನೆ.’ ‘ಯಾವ ಜನ್ಮದ ಕರ್ಮವೋ ಏನೋ.’ ಆಡಿದವನಿಗೆ ಒಂದು ಕರ್ತವ್ಯ ತೀರಿದಂತಾಗುತ್ತದೆ. ಕೇಳಿದವರು ತಲೆಯಾಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮಾತು ಮಳೆಯ ಕಡೆಗೋ ಬೆಲೆಗಳ ಕಡೆಗೋ ತಿರುಗುತ್ತದೆ.

ಈ ಮಾತುಗಳನ್ನು ನಾನು ಹಾಸ್ಯ ಮಾಡುತ್ತಿಲ್ಲ. ಹಿಂದಿನವರು ಬಹಳ ಯೋಚಿಸಿ, ಬಹಳ ನೊಂದು ಕಂಡುಕೊಂಡ ಉತ್ತರಗಳ ಚೂರುಗಳು ಇವು. ಆದರೂ ಒಂದು ಸಂದೇಹ ನನ್ನನ್ನು ಕೆಲವು ವರ್ಷಗಳಿಂದ ಬಿಟ್ಟಿಲ್ಲ: ಹೀಗೆ ಹೇಳುವವರು ದೇವರನ್ನು ನಂಬಿ ಹೇಳುತ್ತಾರೆಯೋ, ನಂಬಲಾರದೆ ಹೇಳುತ್ತಾರೆಯೋ?

ನನ್ನ ದೊಡ್ಡಮ್ಮನ ಮಗಳೊಬ್ಬಳು ಅರಿಶಿನಕುಂಟೆಯಲ್ಲಿದ್ದಾಳೆ. ನೆಲಮಂಗಲದ ಮಗ್ಗುಲಲ್ಲೇ, ತುಮಕೂರು ರಸ್ತೆಯ ಬದಿಗಿರುವ ಊರು. ಆ ರಸ್ತೆಯಲ್ಲಿ ನೂರು ಸಲ ಓಡಾಡಿದವರೂ ಅದನ್ನು ಬೇರೆ ಊರೆಂದು ಗುರುತಿಸಿರಲಾರರು. ರಾಗಿ ಹೊಲಗಳ ನಡುವೆ ಇದ್ದ ಹಳ್ಳಿ ಈಗ ಪಟ್ಟಣದೊಳಕ್ಕೆ ಸೇರಿಹೋಗಿದೆ. ಕನ್ನಡದಲ್ಲಿ ಕುಂಟೆ ಎಂದರೆ ಹೊಲ ಹರಗುವ ಸಾಧನವೂ ಹೌದು, ಸಣ್ಣ ಕೆರೆಯೂ ಹೌದು. ಊರ ಹೆಸರಿನ ಕೊನೆಗೆ ಬಂದಾಗ ಸಾಮಾನ್ಯವಾಗಿ ನೀರಿನ ಅರ್ಥವೇ. ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲದ ಸೀಮೆ ಇದು. ಇಲ್ಲಿಯ ಜನ ಮಳೆಯನ್ನು ನಂಬಿದರು. ಆದರೆ ನಂಬಿ ಕೈಕಟ್ಟಿ ಕೂರಲಿಲ್ಲ, ಬಂದಾಗ ಹಿಡಿದಿಡಲು ಕುಂಟೆ ತೋಡಿದರು, ಅದರ ಹೆಸರನ್ನೇ ಊರಿಗೆ ಇಟ್ಟರು.

ಅಕ್ಕನಿಗೆ ಒಬ್ಬನೇ ಮಗ. ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ. ಮದುವೆಯಾಗಿ ನಾಲ್ಕು ವರ್ಷ, ಒಂದು ಹೆಣ್ಣು ಮಗು. ಮೂರು ವರ್ಷದ ಕೆಳಗೆ ಒಂದು ಭಾನುವಾರ ಬೆಳಗ್ಗೆ ಹಾಲು ತರಲು ಹೋದವನು ಅಂಗಡಿಯ ಮುಂದೆಯೇ ಕುಸಿದುಬಿದ್ದ. ಆಸ್ಪತ್ರೆಗೆ ಸೇರಿಸುವ ಮೊದಲೇ ಹೃದಯ ನಿಂತಿತ್ತು. ಮೂವತ್ತನಾಲ್ಕು ವಯಸ್ಸು. ದುರಭ್ಯಾಸವಿರಲಿಲ್ಲ, ಕಾಯಿಲೆಯ ಸುಳಿವಿರಲಿಲ್ಲ. ಬೈಯಲು ಒಬ್ಬ ವೈದ್ಯನಿಲ್ಲ, ಒಬ್ಬ ಲಾರಿ ಚಾಲಕನಿಲ್ಲ. ಇದ್ದವನು ದೇವರೊಬ್ಬನೇ.

ಹನ್ನೊಂದು ದಿನ ಬಂಧುಬಳಗದವರು ಬಂದುಹೋದರು. ಹಿರಿಯರೊಬ್ಬರು ಕರ್ಮಸಿದ್ಧಾಂತವನ್ನು ಅರ್ಧ ಗಂಟೆ ವಿವರಿಸಿದರು. ವಿವರಣೆ ಚೆನ್ನಾಗಿಯೇ ಇತ್ತು. ಇನ್ನೊಬ್ಬರು, ದೊಡ್ಡದೊಂದು ಗಂಡಾಂತರ ಸೊಸೆಗೂ ಮಗುವಿಗೂ ಬರುವುದಿತ್ತು, ಅದನ್ನು ಇವನು ತನ್ನ ಮೇಲೆ ತೆಗೆದುಕೊಂಡ ಎಂದರು. ಅವರಿಗೆ ಇದು ಹೇಗೆ ತಿಳಿಯಿತೋ! ಎಲ್ಲರೂ ಹೋದ ಮೇಲೆ ಅಕ್ಕ ನನ್ನನ್ನು ಕರೆದು, “ಬಂದೋರಿಗೆಲ್ಲಾ ದೇವರು ಯಾಕೆ ಹೀಗೆ ಮಾಡ್ದ ಅಂತ ಗೊತ್ತು ಕಣೋ. ನನಗೊಬ್ಬಳಿಗೇ ಗೊತ್ತಿಲ್ಲ” ಎಂದಳು.

ಈ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ದೇವರ ನಡೆ ಏಕೆ ಹೀಗೆ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಕೇಳದೆ ಬಿಟ್ಟವರಲ್ಲ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಇದು ನೇರವಾಗಿಯೇ ಬರುತ್ತದೆ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ಈಶ್ವರ ಪಕ್ಷಪಾತಿಯಲ್ಲವೆ, ಕರುಣೆಯಿಲ್ಲದವನಲ್ಲವೆ ಎಂದು ಪೂರ್ವಪಕ್ಷ. ಇಲ್ಲ, ಅವನು ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ ಎಂದು ಸಿದ್ಧಾಂತ. ಶಂಕರರು ಇದಕ್ಕೆ ಭಾಷ್ಯ ಬರೆಯುತ್ತ ಮಳೆಯ ದೃಷ್ಟಾಂತ ತರುತ್ತಾರೆ. ಮಳೆ ಎಲ್ಲ ಹೊಲಗಳಿಗೂ ಸಮನಾಗಿ ಬೀಳುತ್ತದೆ. ಒಂದು ಕಡೆ ಬತ್ತ, ಒಂದು ಕಡೆ ಜವೆ ಬೆಳೆದರೆ ಅದು ಬೀಜದ ಗುಣ, ಮಳೆಯ ತಾರತಮ್ಯವಲ್ಲ. ಹಾಗಾದರೆ ಮೊತ್ತಮೊದಲ ಕರ್ಮ ಎಲ್ಲಿಂದ ಬಂತು ಎಂದು ಕೇಳಿದರೆ, ಸಂಸಾರಕ್ಕೆ ಆದಿಯಿಲ್ಲ, ಬೀಜಕ್ಕೂ ಮೊಳಕೆಗೂ ಮೊದಲಿಲ್ಲದ ಹಾಗೆ ಎಂಬ ಉತ್ತರವೂ ಅಲ್ಲಿಯೇ ಸಿದ್ಧವಾಗಿದೆ.

ವಾದವೆಂದು ನೋಡಿದರೆ ಇದು ಗಟ್ಟಿಯಾದ ವಾದ. ದೇವರ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಗುತ್ತದೆ. ನ್ಯಾಯಾಲಯದಲ್ಲಿ ನಿಂತ ವಕೀಲನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆದರೆ ಅರಿಶಿನಕುಂಟೆಯ ಆ ಮನೆಯ ಪಡಸಾಲೆ ನ್ಯಾಯಾಲಯವಾಗಿರಲಿಲ್ಲ. ಅಲ್ಲಿ ಯಾರೂ ದೇವರ ಮೇಲೆ ದಾವೆ ಹೂಡಿರಲಿಲ್ಲ. ಒಬ್ಬ ತಾಯಿ, ನನ್ನ ಮಗ ಎಲ್ಲಿ ಎಂದು ಕೇಳುತ್ತಿದ್ದಳು. ಅವಳಿಗೆ, ಬೀಜ ನಿನ್ನದು ತಾಯಿ, ಮಳೆಯದೇನೂ ತಪ್ಪಿಲ್ಲ ಎಂದರೆ ಏನು ಹೇಳಿದಂತಾಯಿತು? ದೇವರನ್ನು ಉಳಿಸಲು ಹೋಗಿ ಅವಳನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸಿದಂತಾಯಿತು. ಅದೂ ತಾನು ಮಾಡಿದ್ದೇನೆಂದು ನೆನಪಿಲ್ಲದ ಅಪರಾಧಕ್ಕೆ. ನೆನಪಿಲ್ಲದ ತಪ್ಪಿಗೆ ಬಂದ ಶಿಕ್ಷೆಯಿಂದ ಕಲಿಯಬಹುದಾದದ್ದಾದರೂ ಏನು?

ಕರ್ಮಸಿದ್ಧಾಂತವನ್ನು ತಳ್ಳಿಹಾಕುವುದಕ್ಕೆ ಇಷ್ಟು ಸಾಲದು ಎಂಬುದು ನನಗೂ ಗೊತ್ತು. ಲೋಕ ಹುಚ್ಚನ ಕೈಯ ಕಾರುಬಾರಲ್ಲ, ಇಲ್ಲಿ ಒಂದು ಕ್ರಮವಿದೆ ಎಂಬ ಭರವಸೆ ಅದರಲ್ಲಿದೆ. ಅನೇಕರು ಆ ಒಂದು ಭರವಸೆಯ ಬಲದಿಂದಲೇ ಬದುಕಿದ್ದಾರೆ. ಅದನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದೇ ಮುಖ್ಯವೆಂದು ನನಗೆ ತೋರುತ್ತದೆ. ‘ಇದು ನನ್ನ ಕರ್ಮ’ ಎಂದು ಒಬ್ಬ ತನ್ನ ಹೊರೆಯನ್ನು ತಾನೇ ಎತ್ತಿಕೊಂಡರೆ ಅದು ಧೈರ್ಯ. ‘ಅದು ನಿನ್ನ ಕರ್ಮ’ ಎಂದು ಇನ್ನೊಬ್ಬರ ಹೊರೆಯ ಮೇಲೆ ಒಂದು ಕಲ್ಲು ಇಡುವುದು ಬೇರೆಯೇ ಕೆಲಸ. ವಾಕ್ಯ ಒಂದೇ, ಸರ್ವನಾಮ ಮಾತ್ರ ಬದಲು. ಅಷ್ಟರಲ್ಲಿ ಧರ್ಮ ಅಧರ್ಮವಾಗಿಬಿಡುತ್ತದೆ.

ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಧರ್ಮರಾಯನನ್ನು ಎದುರಿಸಿ ನಿಂತ ಸಂದರ್ಭ ವಾಚಕರಿಗೆ ನೆನಪಿರಬಹುದು. ರಾಜ್ಯ ಹೋಗಿದೆ, ಮಾನಭಂಗವಾಗಿದೆ, ಕಾಡಿನ ವಾಸ. ಧರ್ಮವನ್ನು ಕಾಪಾಡಿದವನನ್ನು ಧರ್ಮ ಕಾಪಾಡುತ್ತದೆ ಎನ್ನುತ್ತಾರಲ್ಲ, ನಿನ್ನನ್ನು ಕಾಪಾಡಿದ್ದು ಕಾಣೆ ಎನ್ನುತ್ತಾಳೆ ಆಕೆ. ಅಷ್ಟಕ್ಕೆ ನಿಲ್ಲುವುದಿಲ್ಲ: ಮಗು ಆಟಿಕೆಗಳನ್ನು ಕೂಡಿಸಿ ಕೆಡಿಸುವಂತೆ ವಿಧಾತ ನಮ್ಮನ್ನು ಆಡಿಸುತ್ತಾನೆ, ತಂದೆತಾಯಿಯರ ಹಾಗಲ್ಲ ಎನ್ನುತ್ತಾಳೆ. ಇದಕ್ಕಿಂತ ಕಟುವಾದ ಮಾತನ್ನು ಯಾವ ನಾಸ್ತಿಕನೂ ಆಡಿರಲಾರ. ಧರ್ಮರಾಯ ಇದು ನಾಸ್ತಿಕರ ಮಾತು ಎಂದು ಗದರಿಸುತ್ತಾನೆ, ನಿಜ. ಆದರೆ ಅವನು ಕೊಡುವ ಉತ್ತರವನ್ನು ಗಮನಿಸಬೇಕು. ನಾನು ಧರ್ಮದಲ್ಲಿ ನಡೆಯುವುದು ಫಲಕ್ಕಾಗಿ ಅಲ್ಲ; ಧರ್ಮವನ್ನು ಹಸುವಿನಂತೆ ಕರೆಯಹೊರಟವನು ಧರ್ಮದ ವ್ಯಾಪಾರಿ ಎಂಬುದು ಅವನ ಮಾತಿನ ಸಾರ. ‘ಇದಕ್ಕೆಲ್ಲ ಇಂಥ ಕಾರಣವಿದೆ’ ಎಂದು ಅವನು ಸಮಜಾಯಿಷಿ ಕೊಡಲು ಹೋಗುವುದಿಲ್ಲ. ಕಾರಣ ತಿಳಿಯದಿದ್ದರೂ ನಾನು ಈ ದಾರಿಯನ್ನು ಬಿಡಲೊಲ್ಲೆ ಎನ್ನುತ್ತಾನೆ, ಅಷ್ಟೆ. ಕೊನೆಗೆ ದ್ರೌಪದಿ, ನಾನು ಧರ್ಮವನ್ನು ಅಲ್ಲಗಳೆಯುತ್ತಿಲ್ಲ, ನೊಂದವಳ ಪ್ರಲಾಪವೆಂದು ತಿಳಿ ಎನ್ನುತ್ತಾಳೆ. ವ್ಯಾಸರು ಆ ಪ್ರಲಾಪವನ್ನು ಅಳಿಸಲಿಲ್ಲ. ಉತ್ತರವನ್ನೂ ಇಟ್ಟರು, ಪ್ರಲಾಪವನ್ನೂ ಇಟ್ಟರು. ಆ ಔದಾರ್ಯ ನಮ್ಮ ಪಡಸಾಲೆಗಳಲ್ಲಿ ಕಾಣುವುದು ಅಪರೂಪ.

ಬೈಬಲಿನ ಯೋಬನ ಕಥೆಯೂ ಇದರ ಹತ್ತಿರದ್ದೇ. ಮಕ್ಕಳನ್ನೂ ಐಶ್ವರ್ಯವನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತವನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಎಂಟನೆಯ ದಿನಕ್ಕೆ ತಡೆಯಲಾರದೆ ಬಾಯಿ ತೆರೆಯುತ್ತಾರೆ: ದೇವರು ನ್ಯಾಯವಂತ, ಆದ್ದರಿಂದ ನೀನು ಏನೋ ಪಾಪ ಮಾಡಿರಲೇಬೇಕು. ಯೋಬನು ಒಪ್ಪುವುದಿಲ್ಲ, ದೇವರನ್ನೇ ಎದುರಿಗೆ ಕರೆದು ಕೇಳುತ್ತೇನೆ ಎನ್ನುತ್ತಾನೆ. ಕೊನೆಗೆ ದೇವರು ಮಾತಾಡಿದಾಗ ಕೋಪಗೊಳ್ಳುವುದು ಯಾರ ಮೇಲೆ? ದೇವರ ಪರವಾಗಿ ಅಷ್ಟು ಹೊತ್ತು ವಾದಿಸಿದ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನು, ನೀವಲ್ಲ ಎಂಬ ತೀರ್ಪು ಬರುತ್ತದೆ. ವಿಚಿತ್ರವೆಂದರೆ, ಇಷ್ಟಾದರೂ ತನಗೆ ಆ ಕಷ್ಟ ಬಂದದ್ದೇಕೆ ಎಂಬುದು ಯೋಬನಿಗೆ ಗೊತ್ತಾಗುವುದೇ ಇಲ್ಲ. ಓದುವ ನಮಗೆ ಗೊತ್ತು, ಅವನಿಗೆ ಇಲ್ಲ. ಕವಿ ಬೇಕೆಂದೇ ಹಾಗೆ ಮಾಡಿದ್ದಾನೆಂದು ನನ್ನ ಊಹೆ.

1755ರ ನವೆಂಬರ್ 1ರಂದು, ಕ್ರೈಸ್ತರ ಸಕಲ ಸಂತರ ಹಬ್ಬದ ದಿನ ಬೆಳಗ್ಗೆ, ಜನ ಇಗರ್ಜಿಗಳಲ್ಲಿ ಸೇರಿದ್ದ ಹೊತ್ತಿನಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ಸಿಕ್ಕಿತು. ಪ್ರಾರ್ಥನೆಗೆ ಹೋದವರ ಮೇಲೆಯೇ ದೇವಾಲಯದ ಚಾವಣಿ ಬಿತ್ತು. ಎಲ್ಲವೂ ಒಳ್ಳೆಯದಕ್ಕೇ ಎಂದು ಸಾಧಿಸುತ್ತಿದ್ದ ಯೂರೋಪಿನ ಪಂಡಿತರನ್ನು ವಾಲ್ಟೇರ್ ಮೊದಲು ಒಂದು ಪದ್ಯದಲ್ಲಿಯೂ, ಆಮೇಲೆ 1759ರ ‘ಕ್ಯಾಂಡಿಡ್’ ಕಥೆಯಲ್ಲಿಯೂ ಗೇಲಿ ಮಾಡಿದ. ಅವನ ಕೋಪ ದೇವರಿಗಿಂತ ಹೆಚ್ಚಾಗಿ ದೇವರ ಲೆಕ್ಕಪತ್ರ ತಮ್ಮ ಕೈಯಲ್ಲಿದೆ ಎಂದುಕೊಂಡವರ ಮೇಲೆ ಎಂದೇ ನಾನು ಓದಿಕೊಂಡಿದ್ದೇನೆ.

ದೂರದ ಲಿಸ್ಬನ್ನು ಹಾಗಿರಲಿ. ನೆಲಮಂಗಲದ ಹತ್ತಿರದ್ದೇ ಒಂದು ಮಾತು. 2024ರ ಡಿಸೆಂಬರ್ 21, ಶನಿವಾರ, ಹೆದ್ದಾರಿಯಲ್ಲಿ ಬೇಗೂರಿನ ಬಳಿ ಎದುರು ದಿಕ್ಕಿನಿಂದ ಬರುತ್ತಿದ್ದ ಕಂಟೇನರ್ ಲಾರಿಯೊಂದು ರಸ್ತೆವಿಭಜಕ ದಾಟಿ ಮಗುಚಿ, ಒಂದು ಕಾರಿನ ಮೇಲೆ ಬಿತ್ತು. ರಜೆಗೆಂದು ಊರಿಗೆ ಹೊರಟಿದ್ದ ಒಂದೇ ಕುಟುಂಬದ ಆರು ಜನ, ಮಕ್ಕಳೂ ಸೇರಿ, ಅಲ್ಲೇ ತೀರಿಕೊಂಡರು. ಅವರು ತಮ್ಮ ದಾರಿಯಲ್ಲಿ ತಾವು ಹೋಗುತ್ತಿದ್ದರು. ಕಾರು ಅತ್ಯಂತ ಸುರಕ್ಷಿತವೆಂದು ಹೆಸರಾದದ್ದು. ಅದೇ ವಾರ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ಹಾದುಹೋಗುವವರು ಇದೇ ಮಾತಾಡುತ್ತಿದ್ದರು. ‘ಹಣೆಬರಹ ಸ್ವಾಮಿ, ಒಂದು ನಿಮಿಷ ಹಿಂದೆ ಮುಂದೆ ಆಗಿದ್ರೆ!’

ಹಣೆಬರಹವೇ ಇರಲಿ. ಆದರೆ ಆ ಬರಹದಲ್ಲಿ ನಮ್ಮ ಅಕ್ಷರ ಎಷ್ಟು, ಅವನ ಅಕ್ಷರ ಎಷ್ಟು ಎಂದು ನೋಡದೆ ಎಲ್ಲವನ್ನೂ ಅವನ ಖಾತೆಗೆ ಬರೆಯುವುದು ಭಕ್ತಿಯೆ? ಲಾರಿಗಳ ವೇಗ, ಅವು ಹೊರುವ ಭಾರ, ಮುಂದಿನ ಗಾಡಿಗೂ ತಮಗೂ ಬಿಡುವ ಅಂತರ, ಚಾಲಕನ ನಿದ್ದೆ, ವಿಭಜಕದ ಎತ್ತರ, ಇವೆಲ್ಲ ಮನುಷ್ಯರು ತೀರ್ಮಾನಿಸುವ ವಿಷಯಗಳು. ಇವುಗಳಲ್ಲಿ ಎಲ್ಲಿ ಏನು ತಪ್ಪಿತು ಎಂದು ಹುಡುಕುವುದನ್ನು ಬಿಟ್ಟು ‘ದೇವರ ಇಚ್ಛೆ’ ಎಂದುಬಿಟ್ಟರೆ ನಾಳೆಯ ಅಪಘಾತಕ್ಕೆ ದಾರಿ ಬಿಟ್ಟಂತೆ. ಕುಂಟೆ ತೋಡಿದ ಹಿಂದಿನವರಿಗೆ ಈ ವಿವೇಕವಿತ್ತು. ಮಳೆ ಅವನದು, ಮಣ್ಣು ತೋಡುವುದು ನಮ್ಮದು. ಅಕ್ಕನ ಮಗನ ಸಾವಿನಂಥದ್ದರಲ್ಲಿ ತೋಡಲು ಮಣ್ಣೇ ಇಲ್ಲ. ನಿಜವಾದ ಕಷ್ಟ ಅಲ್ಲಿಂದ ಶುರು.

ಕನ್ನಡದ ‘ನಂಬು’ ಎಂಬ ಕ್ರಿಯಾಪದವನ್ನು ಸ್ವಲ್ಪ ನೋಡೋಣ. ‘ಎಂಟು ಗಂಟೆಯ ಬಸ್ಸು ಬರುತ್ತದೆ ಎಂದು ನಂಬಿದ್ದೇನೆ’ ಎನ್ನುತ್ತೇವೆ. ‘ಅವನನ್ನು ನಂಬಿದ್ದೇನೆ’ ಎಂದೂ ಎನ್ನುತ್ತೇವೆ. ಮಾತು ಒಂದೇ, ವ್ಯಾಕರಣ ಬೇರೆ. ಮೊದಲನೆಯದರಲ್ಲಿ ‘ಎಂದು’ ಇದೆ; ಎಂಟೂಕಾಲಾದರೂ ಬಸ್ಸು ಬಾರದಿದ್ದರೆ ಆ ನಂಬಿಕೆ ಸುಳ್ಳಾಯಿತು, ಮುಗಿಯಿತು. ಎರಡನೆಯದರಲ್ಲಿ ದ್ವಿತೀಯಾ ವಿಭಕ್ತಿ. ಅಲ್ಲಿ ನಂಬಿದ್ದು ಒಂದು ಸಂಗತಿಯನ್ನಲ್ಲ, ಒಬ್ಬನನ್ನು. ಅವನು ಇಂದು ಬಾರದಿದ್ದರೆ, ಏಕೆ ಬರಲಿಲ್ಲವೋ ಎಂದು ಬಾಗಿಲಲ್ಲಿ ನಿಂತು ಕಾಯುತ್ತೇವೆ. ಬೈದುಕೊಳ್ಳುತ್ತ ಕಾಯುತ್ತೇವೆ. ನಮ್ಮಲ್ಲಿ ಬಹುಮಂದಿ ದೇವರ ವಿಷಯದಲ್ಲಿ ಇಟ್ಟುಕೊಂಡಿರುವುದು ಬಸ್ಸಿನ ನಂಬಿಕೆ. ನನ್ನ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ನಂಬಿದ್ದೇನೆ. ಪ್ರತಿ ಸೋಮವಾರ ದೇವಸ್ಥಾನಕ್ಕೆ ಹೋಗಿದ್ದೇನೆ, ಆದ್ದರಿಂದ ಎಂದು. ಅಂಥ ನಂಬಿಕೆ ಮುರಿದಾಗ ದೇವರೇ ಸತ್ತಂತೆ ಆಗುವುದು ಸಹಜ.

ಇದಕ್ಕೆ ತಾಯಿ ಮಗುವಿನ ಹೋಲಿಕೆಯನ್ನು ಕೊಡುವುದು ವಾಡಿಕೆ. ಮಗುವಿಗೆ ಕಹಿ ಔಷಧಿ ಕುಡಿಸುವ ತಾಯಿಯ ಮನಸ್ಸು ಮಗುವಿಗೆ ತಿಳಿಯದು, ಹಾಗೆಯೇ ಭಗವಂತ ಎಂದು. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ಔಷಧಿ ಕುಡಿಸಿದ ಕೈಯೇ ಆಮೇಲೆ ಬೆಲ್ಲ ಕೊಡುವುದನ್ನು ಮಗು ಕಂಡಿದೆ. ಉಳಿದ ಇಡೀ ದಿನ ಆ ತೊಡೆಯ ಮೇಲೆ ಮಲಗಿ ಬೆಳೆದಿದೆ. ತಿಳಿಯದ ಒಂದು ಗಳಿಗೆಯನ್ನು ತಿಳಿದ ನೂರು ಗಳಿಗೆಗಳು ಹೊತ್ತುಕೊಳ್ಳುತ್ತವೆ. ದೇವರ ವಿಷಯದಲ್ಲಿ ಆ ನೂರು ಗಳಿಗೆಗಳು ಯಾವುವು? ಪುಸ್ತಕ ನೋಡಿ ಹೇಳುವಂಥದಲ್ಲ ಇದು. ಒಮ್ಮೆ ಧೈರ್ಯ ಮಾಡಿ ಅಕ್ಕನನ್ನೇ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಮೂವತ್ನಾಲ್ಕು ವರ್ಷ ಕೊಟ್ಟಿದ್ದನಲ್ಲ. ಅದನ್ನ ಯಾವ ಪುಣ್ಯಕ್ಕೆ ಕೊಟ್ಟ ಅಂತ ಯಾರಾದ್ರೂ ಕೇಳಿದ್ರಾ?” ಎಂದಳು. ಮರುಕ್ಷಣವೇ, “ಹಾಗಂತ ಕಿತ್ಕೊಂಡಿದ್ದು ಸರಿ ಅಂತ ನಾನು ಹೇಳಲ್ಲ” ಎಂದು ಸೇರಿಸಿದಳು. ಆ ಎರಡನೆಯ ವಾಕ್ಯ ಇರದಿದ್ದರೆ ಮೊದಲನೆಯದನ್ನು ಇಲ್ಲಿ ಬರೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಅವಳು ಪೂಜೆ ಬಿಟ್ಟಿಲ್ಲ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ದೇವರ ಮುಂದೆ ದೀಪ ಹಚ್ಚುತ್ತಾಳೆ. ಮೊದಲು ಒಂದು ಉದ್ದನೆಯ ಪಟ್ಟಿಯಿರುತ್ತಿತ್ತಂತೆ: ಮಗನಿಗೆ ಬಡ್ತಿ, ಸೊಸೆಗೆ ಆರೋಗ್ಯ, ಮೊಮ್ಮಗಳಿಗೆ ಹಲ್ಲು ಬರುವಾಗ ಜ್ವರ ಬಾರದಿರಲಿ. ಈಗ ಪಟ್ಟಿಯಿಲ್ಲ. ಕೆಲವು ದಿನ ಬೈಯುತ್ತಾಳೆ, ನಾನೇ ಕೇಳಿದ್ದೇನೆ. ಬೈಗುಳವೆಂದರೆ ನೆಲಮಂಗಲದ ಸಂತೆಯಲ್ಲಿ ಕೇಳಬಹುದಾದಂಥದ್ದೇ, ಸಂಸ್ಕೃತವಲ್ಲ. ಸೊಸೆಗೆ ಮೊದಮೊದಲು ಭಯವಾಗುತ್ತಿತ್ತು. ನಾನು ಹೇಳಿದೆ, ನಮ್ಮ ದಾಸರಲ್ಲಿ ನಿಂದಾಸ್ತುತಿಯೆಂದು ಒಂದು ಸಂಪ್ರದಾಯವೇ ಇದೆ, ದೇವರನ್ನು ಸಾಲಗಾರನೆಂದೂ ಮೋಸಗಾರನೆಂದೂ ಹಾಡುತ್ತ ಪೂಜಿಸಿದ್ದಾರೆ. ವಚನಕಾರರೂ ತಮ್ಮ ಶಿವನ ಜೊತೆ ಜಗಳವಾಡಿದವರೇ ಎಂದು. ಅಕ್ಕ ಅದನ್ನು ಕೇಳಿ ನಕ್ಕಳು. ಅವಳಿಗೆ ಸಂಪ್ರದಾಯದ ಬೆಂಬಲ ಬೇಕಿರಲಿಲ್ಲ.

ಇಲ್ಲದವನನ್ನು ಯಾರೂ ಬೈಯುವುದಿಲ್ಲವಷ್ಟೆ. ಬೈಯುವವಳು ಮಾತು ಬಿಟ್ಟವಳಲ್ಲ. ಅಂಚೆಪೆಟ್ಟಿಗೆಗೆ ಹಾಕುವ ಕಾಗದದಂತೆ ಅದು. ಉತ್ತರ ಬರದಿದ್ದರೂ ವಿಳಾಸವಿದೆ. ದೇವರ ಪರವಾಗಿ ವಾದಿಸಿದ ಆ ಹಿರಿಯರಿಗಿಂತ ಅಕ್ಕನಲ್ಲಿಯೇ ಹೆಚ್ಚು ನಂಬಿಕೆಯಿದೆಯೆಂದು ನನಗೆ ಅನ್ನಿಸಿದ್ದು ಈ ಕಾರಣಕ್ಕೆ. ಹಿರಿಯರಿಗೆ ಕಾರಣ ಸಿಕ್ಕದೆ ಒಂದು ಗಳಿಗೆಯೂ ನಿಲ್ಲಲಾಗಲಿಲ್ಲ. ಕಾರಣ ಬೇಕೇ ಬೇಕು ಎಂಬ ಆ ತರಾತುರಿಯಲ್ಲಿ ಭಯವಿತ್ತು: ಇವಳ ಮಗನಿಗೆ ಕಾರಣವಿಲ್ಲದೆ ಹೀಗಾದರೆ ನನ್ನ ಮಗನಿಗೂ ಆಗಬಹುದಲ್ಲ ಎಂಬ ಭಯ. ಅಕ್ಕ ಕಾರಣವಿಲ್ಲದೆಯೇ ಮೂರು ವರ್ಷ ನಿಂತಿದ್ದಾಳೆ.

ನೀವು ಕೇಳಬಹುದು: ದೇವರನ್ನೇ ಬಿಟ್ಟುಬಿಟ್ಟರೆ ಈ ತೊಡಕೆಲ್ಲ ಇರುವುದಿಲ್ಲವಲ್ಲ? ಪ್ರಾಮಾಣಿಕವಾಗಿ ಹಾಗೆ ಬಿಟ್ಟವರೂ ನಮ್ಮಲ್ಲಿದ್ದಾರೆ. ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ, ‘ದೇವರು’ ಎಂಬ ಪುಸ್ತಕ ಪ್ರಕಟಿಸಿ, ತಮಗೆ ದೇವರಲ್ಲಿ ನಂಬಿಕೆಯಿಲ್ಲವೆಂದು ಯಾವ ಆರ್ಭಟವೂ ಇಲ್ಲದೆ ಹೇಳಿದರು. ಸಾವು ಹತ್ತಿರ ಬಂದಾಗ ಎಲ್ಲರೂ ದೇವರ ಕಡೆ ತಿರುಗುತ್ತಾರೆ ಎನ್ನುವವರಿಗೆ ಅದು ಒಳ್ಳೆಯ ಉತ್ತರ. ಅಂಥವರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ದೇವರು ಹೋದರೆ ಪ್ರಶ್ನೆ ಹೋಗುತ್ತದೆ, ದುಃಖ ಹೋಗುವುದಿಲ್ಲ. ಇದಕ್ಕೆ ಇದೇ ತಾಲ್ಲೂಕಿನ ಇನ್ನೊಬ್ಬ ತಾಯಿಯ ಕಥೆ ಇದೆ.

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದಲ್ಲಿ, 1131ರಲ್ಲಿ, ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ತೀರಿಕೊಂಡಳು. ಬೆಟ್ಟದ ಮೇಲಿಂದ ಬಿದ್ದು ಪ್ರಾಣ ಬಿಟ್ಟಳೆಂದು ಜನರ ಕಥೆ. ಅವಳು ಬಿದ್ದ ಜಾಗವೆಂದು ಇಂದಿಗೂ ಒಂದು ಪ್ರಪಾತವನ್ನು ತೋರಿಸುತ್ತಾರೆ. ಶ್ರವಣಬೆಳಗೊಳದ ಶಾಸನ ಮಾತ್ರ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳು ಎಂದಷ್ಟೇ ಹೇಳುತ್ತದೆ. ಬೆಳಗೊಳದಲ್ಲಿ ಅವಳೇ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ. ಅವಳ ತಂದೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ಸತ್ತ ಸುದ್ದಿ ಮುಟ್ಟಿದ ಮೇಲೆ, ಇನ್ನು ನಾನು ಉಳಿಯಲಾರೆ ಎಂದು ತಾಯಿ ಬೆಳಗೊಳಕ್ಕೆ ಬಂದು, ಸನ್ಯಸನ ವ್ರತ ತೊಟ್ಟು, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳೆಂದು ಶಾಸನ ಹೇಳುತ್ತದೆ.

ಜೈನಮತದಲ್ಲಿ ಲೋಕವನ್ನು ಸೃಷ್ಟಿಸಿ ನಡೆಸುವ ಈಶ್ವರನಿಲ್ಲ. ಏಕೆ ಹೀಗೆ ಮಾಡಿದೆ ಎಂದು ಕೇಳಲು ಮಾಚಿಕಬ್ಬೆಗೆ ಯಾರೂ ಇರಲಿಲ್ಲ. ಬೈಯಲೂ ಇಲ್ಲ, ಬೇಡಲೂ ಇಲ್ಲ. ಸಲ್ಲೇಖನವನ್ನು ದುಃಖದ ಸಾವೆಂದು ತಿಳಿಯಬಾರದು, ಅದು ವೈರಾಗ್ಯದ ವ್ರತ ಎಂದು ಜೈನರು ಹೇಳುತ್ತಾರೆ. ಅವರ ಮಾತನ್ನು ಗೌರವಿಸಬೇಕು. ಆದರೂ ಆ ಶಾಸನದಲ್ಲಿ ಮಗಳ ಸಾವಿಗೂ ತಾಯಿಯ ವ್ರತಕ್ಕೂ ನಡುವೆ ಅಂತರವೇ ಇಲ್ಲ. ಒಂದೇ ಮನೆಯಲ್ಲಿ ಲೋಕವನ್ನು ಕುರಿತು ಎರಡು ಉತ್ತರಗಳಿದ್ದವು. ಎರಡೂ ದೊಡ್ಡ ಉತ್ತರಗಳೇ. ಎಂಟೂ ಮುಕ್ಕಾಲು ಶತಮಾನ ದಾಟಿದ ಮೇಲೂ ಆ ಕಲ್ಲನ್ನು ಕುರಿತು ಓದುವಾಗ ನಮ್ಮನ್ನು ತಟ್ಟುವುದು ಆ ಉತ್ತರಗಳಲ್ಲ, ‘ಇನ್ನು ಉಳಿಯಲಾರೆ’ ಎಂಬ ಒಂದು ಮಾತು.

ಬೇಂದ್ರೆಯವರು ತಮ್ಮ ಮಕ್ಕಳಲ್ಲಿ ಹಲವರನ್ನು ಕಳೆದುಕೊಂಡರು. ಮಗು ತೀರಿದ ಸಂದರ್ಭದಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದೆ ಬರೆದ ಅವರ ಕವಿತೆಯನ್ನು ಅರಿಯದ ಕನ್ನಡಿಗರು ಕಡಮೆ. ಅಲ್ಲಿ ಸಮಾಧಾನವಿಲ್ಲ, ತತ್ತ್ವವೂ ಇಲ್ಲ. ನೋಡಬೇಡ ಎಂದು ಬೇಡಿಕೊಳ್ಳುವ ಗಂಡನಿದ್ದಾನೆ. ಆದರೂ ಅದೇ ಕವಿ ಆಮೇಲೆ ದೇವರ ಕುರಿತು ಹಾಡುವುದನ್ನು ಬಿಡಲಿಲ್ಲ. ಆ ಎರಡೂ ಒಂದೇ ಕಂಠದಿಂದ ಹೇಗೆ ಬಂದವೆಂದು ಬಿಡಿಸಿ ಹೇಳಬಲ್ಲ ವಿಮರ್ಶಕನನ್ನು ನಾನು ಕಂಡಿಲ್ಲ, ಕಾಣದಿದ್ದರೂ ಅಡ್ಡಿಯಿಲ್ಲ.

ಶಿವಗಂಗೆಯ ಮಾತು ಬಂತು. ಅಲ್ಲಿ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆಂದು ಪ್ರತೀತಿ. ಅದಕ್ಕಿಂತ ನನಗೆ ಕುತೂಹಲವೆನಿಸುವುದು ಬೆಟ್ಟದ ನಡುವಿನ ಒಳಕಲ್ಲು ತೀರ್ಥ. ಬಂಡೆಯಲ್ಲಿ ಒರಳಿನಂಥ ಒಂದು ಕುಳಿ. ಅದರೊಳಗೆ ತೋಳು ಇಳಿಸಬೇಕು. ಪುಣ್ಯವಂತರಿಗೆ ನೀರು ಸಿಕ್ಕುತ್ತದೆ, ಉಳಿದವರಿಗೆ ಇಲ್ಲ. ಸಿಕ್ಕಿದವರು ಒದ್ದೆ ಬೆರಳುಗಳನ್ನು ಎಲ್ಲರಿಗೂ ತೋರಿಸುತ್ತ ನಗುತ್ತಾರೆ. ಸಿಕ್ಕದವರು ತಾವೂ ನಕ್ಕು ಪಕ್ಕಕ್ಕೆ ಸರಿಯುತ್ತಾರೆ; ಆ ನಗುವೇ ಬೇರೆ. ಕೈಯ ಉದ್ದ, ಬಾಗುವ ರೀತಿ, ಒಳಗಿನ ನೀರಿನ ಮಟ್ಟ ಎಂದೆಲ್ಲ ಲೆಕ್ಕ ಹಾಕಿ ಹೇಳಬಹುದು. ಹೇಳಿದರೂ ಕೈ ಇಳಿಸುವಾಗ ಎಂಥ ಬುದ್ಧಿವಂತನ ಎದೆಯೂ ಒಂದು ಸಲ ಡವಗುಟ್ಟುತ್ತದೆ.

ಇಪ್ಪತ್ತೈದು ವರ್ಷಗಳ ಹಿಂದೆ ನಾವೆಲ್ಲ ಕೂಡಿ ಅಲ್ಲಿಗೆ ಹೋಗಿದ್ದೆವು. ಮಗ ಆಗ ಹನ್ನೆರಡರ ಹುಡುಗ. ತಾಯಿಯ ಸೆರಗು ಹಿಡಿದು ಕುಳಿಯೊಳಕ್ಕೆ ಬಗ್ಗಿ ನೋಡುತ್ತಿದ್ದ. ನನಗೆ ನೀರು ಸಿಕ್ಕಲಿಲ್ಲ. ಅಕ್ಕನ ಕೈಗೆ ಸಿಕ್ಕಿತು. ಅವಳು ಒದ್ದೆ ಕೈಯನ್ನು ಮಗನ ತಲೆಗೆ ಸವರಿದಳು. ಪಕ್ಕದಲ್ಲಿದ್ದ ಯಾರೋ ಮುದುಕಿ, “ಪುಣ್ಯವಂತೆ ಕಣವ್ವ ನೀನು” ಎಂದಳು.

ಹೋದ ಸಂಕ್ರಾಂತಿಗೆ, ಬೆಟ್ಟದಲ್ಲಿ ಗಿರಿಜಾಕಲ್ಯಾಣ ನಡೆಯುವ ದಿನ, ಅಕ್ಕ ತಾನಾಗಿಯೇ ಶಿವಗಂಗೆಗೆ ಹೋಗೋಣವೆಂದಳು. ಸೊಸೆಯೂ ಮೊಮ್ಮಗಳೂ ಜೊತೆಗೆ ಬಂದರು. ಜಾತ್ರೆಯ ಜನ, ಅರವತ್ತೆಂಟರ ಅವಳು ಪ್ರತಿ ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಕಡಲೆಪುರಿಯ ಪೊಟ್ಟಣ ಮೊಮ್ಮಗಳ ಕೈಗೆ ಕೊಡುತ್ತ ತೆಗೆದುಕೊಳ್ಳುತ್ತ, ನಿಧಾನವಾಗಿ ಹತ್ತಿದಳು. ಒಳಕಲ್ಲಿನ ಮುಂದೆ ದೊಡ್ಡ ಸಾಲಿತ್ತು. ನಿಲ್ಲೋಣವೆ ಎಂದು ಕೇಳಿದೆ.

“ಕೈ ಹಾಕಲ್ಲಪ್ಪ” ಎಂದಳು. “ಇಲ್ಲೇ ನೆರಳಲ್ಲಿ ಒಂದ್ ಗಳಿಗೆ ಕೂತ್ಕೊಂಡು, ಸ್ವಾಮಿನ ನೋಡ್ಕೊಂಡು ಹೋಗೋಣ.”